ಬೆಳಕಿನ ಹಿಂದಿನ ಯಂತ್ರ: ಫ್ರಾಂಕ್ ಮಲಿನಾ ಅವರ ಬದುಕು ಮತ್ತು ಚಿತ್ರಕಲೆ

ಕಲಾವಿದನ ಜೀವನವನ್ನು ಒಂದು ಕಡೆಗಿಟ್ಟು ಅವನ ಕೃತಿಯನ್ನು ಮಾತ್ರ ನೋಡಬೇಕೆಂಬುದು ವಿಮರ್ಶೆಯಲ್ಲಿ ಬಹುಕಾಲದಿಂದ ಒಪ್ಪಿಕೊಂಡು ಬಂದ ನಿಯಮ. ಬಹುಮಟ್ಟಿಗೆ ಅದು ಒಳ್ಳೆಯ ನಿಯಮವೇ ಸರಿ. ಕುಂಬಾರನ ಗುಣದೋಷಗಳಿಂದ ಮಡಕೆಯ ನೀರು ರುಚಿಗೆಡುವುದಿಲ್ಲ. ಆದರೆ ಕೆಲವರ ವಿಷಯದಲ್ಲಿ ಈ ವಿಂಗಡಣೆ ನಡೆಯುವುದಿಲ್ಲ. ಅವರ ಬದುಕಿನಲ್ಲಿ ಎದ್ದ ಪ್ರಶ್ನೆಯೊಂದು ಕೃತಿಯ ರಚನೆಯೊಳಗೇ ಸೇರಿಹೋಗಿರುತ್ತದೆ. ಅದನ್ನು ಬಿಟ್ಟು ನೋಡಿದರೆ ಕೃತಿ ಅರ್ಧವೇ ಕಾಣುತ್ತದೆ. ಮೊದಲು ರಾಕೆಟ್ಟುಗಳ ವಿಜ್ಞಾನಿಯಾಗಿ, ಅನಂತರ ಪ್ಯಾರಿಸ್ ನಗರದಲ್ಲಿ ಚಿತ್ರಕಾರರಾಗಿ ಬಾಳಿದ ಫ್ರಾಂಕ್ ಮಲಿನಾ ಅಂತಹವರಲ್ಲಿ ಒಬ್ಬರು.

ಹೆಸರಿನ ವಿಷಯದಲ್ಲಿ ಒಂದು ಮಾತು. ಕನ್ನಡದ ಕಿವಿಗೆ ಈ ಹೆಸರು ಅಷ್ಟು ಹಿತವಾಗಿ ಕೇಳಿಸದು. ಆದರೆ ಅವರ ಪೂರ್ವಜರ ಚೆಕ್ ಭಾಷೆಯಲ್ಲಿ ಮಲಿನಾ ಎಂದರೆ ಒಂದು ಬಗೆಯ ಕೆಂಪು ಕಾಡುಹಣ್ಣು. ನಮ್ಮ ಭಾಷೆಯ ಅರ್ಥವನ್ನು ಆ ಸಜ್ಜನರ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಮುಂದೆ ಹಣದ ಶುದ್ಧಾಶುದ್ಧಿಯ ಮಾತು ಬರುವುದರಿಂದ ಈ ಕಾಕತಾಳೀಯವು ನನ್ನ ಮನಸ್ಸನ್ನು ಬಿಟ್ಟುಹೋಗಲಿಲ್ಲವೆಂಬುದನ್ನು ಮುಚ್ಚಿಡಲಾರೆ.

ಅವರು ಹುಟ್ಟಿದ್ದು 1912ರಲ್ಲಿ, ಅಮೆರಿಕದ ಟೆಕ್ಸಾಸ್ ಪ್ರಾಂತದ ಬ್ರೆನಮ್ ಎಂಬ ಊರಿನಲ್ಲಿ. ತಾಯಿತಂದೆಯರಿಬ್ಬರೂ ಸಂಗೀತ ಬಲ್ಲವರು. ಬಾಲ್ಯದ ಕೆಲವು ವರ್ಷಗಳು ಮೊರಾವಿಯಾ ಪ್ರದೇಶದಲ್ಲಿ ಕಳೆದುವು. ಚಂದ್ರಲೋಕದ ಪ್ರಯಾಣವನ್ನು ಕಲ್ಪಿಸಿದ ಜೂಲ್ಸ್ ವರ್ನನ ಕಾದಂಬರಿಯನ್ನು ಆ ಬಾಲಕ ಓದಿದ್ದು ಚೆಕ್ ಭಾಷೆಯಲ್ಲಿ. 1925ರಲ್ಲಿ ಕುಟುಂಬ ಟೆಕ್ಸಾಸಿಗೆ ಹಿಂತಿರುಗಿತು. ಅಲ್ಲಿ 1934ರಲ್ಲಿ ಯಂತ್ರಶಾಸ್ತ್ರದ ಪದವಿ ಪಡೆದು, ಮಲಿನಾ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರದಲ್ಲಿರುವ ಕ್ಯಾಲ್‌ಟೆಕ್ ಸಂಸ್ಥೆಯನ್ನು ಸೇರಿದರು. ಅಲ್ಲಿ ವಾಯುಗತಿಶಾಸ್ತ್ರದ ಮಹಾಪಂಡಿತರಾದ ಥಿಯೊಡೋರ್ ಫಾನ್ ಕಾರ್ಮಾನ್ ಅವರ ಗುರುಗಳಾದರು. ಕಾರ್ಮಾನರು ಮತ್ತೊಬ್ಬ ವಿದ್ವಾಂಸರೊಡನೆ ಎಂಜಿನಿಯರುಗಳಿಗಾಗಿ ಬರೆಯುತ್ತಿದ್ದ ಗಣಿತದ ಪಠ್ಯಪುಸ್ತಕಕ್ಕೆ ಆಕೃತಿಗಳನ್ನು ಬರೆದುಕೊಡುವ ಕೆಲಸ ಈ ಶಿಷ್ಯನ ಪಾಲಿಗೆ ಬಂದಿತು. ಚಿತ್ರಕಾರ ಮಲಿನಾ ಅವರ ಅಭ್ಯಾಸ ಅಲ್ಲಿಂದಲೇ ಆರಂಭವಾಯಿತೆಂದು ನಾನು ತಿಳಿಯುತ್ತೇನೆ. ಗಣಿತದ ಆಕೃತಿಯಲ್ಲಿ ಒಂದು ಗೆರೆ ಚೆಲುವಾಗಿದ್ದರೆ ಸಾಲದು. ಅದು ಏಕೆ ಅಲ್ಲಿದೆ ಎಂಬುದನ್ನು ನೋಡುವವನಿಗೆ ತಿಳಿಸಿಕೊಡಬೇಕು. ಈ ಶಿಸ್ತನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಆ ಕಾಲದಲ್ಲಿ ರಾಕೆಟ್ಟು ಎಂದರೆ ಕಥೆಗಾರರ ಸರಕು ಎಂಬ ಭಾವನೆ ವಿದ್ವಾಂಸರಲ್ಲಿ ಇದ್ದಿತು. ಮಲಿನಾ, ಜಾಕ್ ಪಾರ್ಸನ್ಸ್, ಎಡ್ ಫೋರ್ಮನ್ ಎಂಬ ತರುಣರು ಸೇರಿ 1936ರ ಅಕ್ಟೋಬರ್ 31ರಂದು ಪ್ಯಾಸಡೀನಾದ ಬಳಿಯ ಅರೋಯೊ ಸೆಕೊ ಎಂಬ ಒಣಹಳ್ಳದಲ್ಲಿ ತಮ್ಮ ಮೊದಲ ಯಂತ್ರವನ್ನು ಪರೀಕ್ಷಿಸಿದರು. ಆಮ್ಲಜನಕದ ಕೊಳವೆಗೆ ಬೆಂಕಿ ಹತ್ತಿ ಅದು ಹಾವಿನಂತೆ ಹೊರಳಾಡಿತು. ಸಂಶೋಧಕರು ಓಡಿ ಪಾರಾದರು. ಅನಂತರ ಸಂಸ್ಥೆಯ ಕಟ್ಟಡದೊಳಗೆ ನಡೆದ ಒಂದು ಪ್ರಯೋಗದಲ್ಲಿ ವಿಷವಾಯು ಹರಡಿ ಅಲ್ಲಿದ್ದ ಸಲಕರಣೆಗಳೆಲ್ಲ ತುಕ್ಕು ಹಿಡಿದುವು. ಸಹಪಾಠಿಗಳು ಈ ಗುಂಪಿಗೆ ಆತ್ಮಹತ್ಯಾ ದಳವೆಂದು ಹೆಸರಿಟ್ಟರು. ಕೈಯಲ್ಲಿ ಹಣವಿಲ್ಲ, ಹಳೆಯ ಸಾಮಾನುಗಳನ್ನು ಹುಡುಕಿ ತಂದು ಯಂತ್ರ ಕಟ್ಟುತ್ತಿದ್ದರು. ಎತ್ತರದ ವಾಯುಮಂಡಲವನ್ನು ತಿಳಿಯಬೇಕೆಂಬ ಆಸೆಯಿಂದ ಆರಂಭವಾದ ಕೆಲಸಕ್ಕೆ 1939ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯಿಂದ ಮೊದಲು 1,000 ಡಾಲರ್, ಅನಂತರ 10,000 ಡಾಲರ್ ದೊರೆಯಿತು. ಭಾರವಾದ ಯುದ್ಧವಿಮಾನಗಳು ಚಿಕ್ಕ ಓಡುಹಾದಿಯಿಂದ ಮೇಲೇರಲು ರಾಕೆಟ್ಟಿನ ನೆರವು ಒದಗಿಸಬೇಕೆಂಬುದು ಅದರ ಉದ್ದೇಶ. ಸೇನೆಯ ಸಂಬಂಧ ಹೀಗೆ ಬೆಳೆಯಿತು.

ಇಲ್ಲಿ ನಾವು ಅವಸರದಿಂದ ತೀರ್ಪು ಕೊಡಬಾರದು. ಹಿಟ್ಲರನ ಆಳ್ವಿಕೆಯ ಕ್ರೌರ್ಯವನ್ನು ಅರಿತಿದ್ದ ಮಲಿನಾ ಅವರಿಗೆ ಆ ಯುದ್ಧದಲ್ಲಿ ತಟಸ್ಥರಾಗಿರುವುದು ಸರಿಯೆಂದು ತೋರಲಿಲ್ಲ. ಅದೇ ಸಮಯದಲ್ಲಿ ತಮ್ಮ ಕೈಯ ಕೆಲಸ ಎತ್ತ ಸಾಗುತ್ತಿದೆ ಎಂಬ ಕಳವಳವೂ ಅವರನ್ನು ಬಿಡಲಿಲ್ಲ. 1942ರಲ್ಲಿ ಅವರೂ ಕಾರ್ಮಾನರೂ ಇತರ ಸಂಗಡಿಗರೂ ಸೇರಿ ರಾಕೆಟ್ಟು ತಯಾರಿಸುವ ಏರೋಜೆಟ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಒಣಹಳ್ಳದ ಪ್ರಯೋಗಗಳು ಬೆಳೆದು ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಎಂಬ ಸಂಸ್ಥೆಯಾದುವು. ಕಾರ್ಮಾನರ ಬಳಿಕ ಮಲಿನಾ ಅದರ ಮುಖ್ಯಸ್ಥರಾದರು. ಅವರ ಮುಂದಾಳುತನದಲ್ಲಿ ಸಿದ್ಧವಾದ ವ್ಯಾಕ್ ಕಾರ್ಪೊರಲ್ ಎಂಬ ರಾಕೆಟ್ಟು 1945ರ ಅಕ್ಟೋಬರಿನಲ್ಲಿ ಸುಮಾರು 70 ಕಿಲೋಮೀಟರ್ ಎತ್ತರಕ್ಕೆ ಏರಿತು. ಅದು ಸಂಶೋಧನೆಯ ಉಪಕರಣಗಳನ್ನು ಹೊರಲೆಂದು ಮಾಡಿದ ರಾಕೆಟ್ಟು. ಅವರು ಬಾಲ್ಯದಿಂದ ಕಂಡ ಕನಸಿನ ಫಲ. ಆದರೆ ಅದೇ ಪ್ರಯೋಗಾಲಯದಲ್ಲಿ ರೂಪುಗೊಂಡ ಅದರ ಅಣ್ಣನಂತಹ ಕಾರ್ಪೊರಲ್ ಎಂಬ ಕ್ಷಿಪಣಿ ಅಣ್ವಸ್ತ್ರವನ್ನು ಹೊರಬಲ್ಲ ಆಯುಧವಾಗಿ 1955ರಲ್ಲಿ ಯುರೋಪಿನ ನೆಲದಲ್ಲಿ ಬಂದು ನಿಂತಿತು.

ಯುದ್ಧ ಮುಗಿದ ಮೇಲೆ ಪ್ರಯೋಗಾಲಯದ ಕೆಲಸ ಆಯುಧಗಳ ಕಡೆಗೆ ವಾಲುತ್ತಿರುವುದನ್ನು ಕಂಡು ಮಲಿನಾ ಅಲ್ಲಿ ಉಳಿಯಲಿಲ್ಲ. 1947ರಲ್ಲಿ ಪ್ಯಾರಿಸ್ಸಿಗೆ ತೆರಳಿ, ಆಗತಾನೆ ಹುಟ್ಟಿದ್ದ ಯುನೆಸ್ಕೋ ಸಂಸ್ಥೆಯಲ್ಲಿ ವಿಜ್ಞಾನ ವಿಭಾಗದ ಕೆಲಸಕ್ಕೆ ಸೇರಿದರು. ಮರುಭೂಮಿ ಪ್ರದೇಶಗಳ ಬಗೆಗಿನ ಅಂತಾರಾಷ್ಟ್ರೀಯ ಸಂಶೋಧನೆಗೆ ಅಲ್ಲಿ ದುಡಿದರು. ಇದನ್ನು ಸಂಪೂರ್ಣ ವೈರಾಗ್ಯವೆಂದು ಚಿತ್ರಿಸಿ ಅವರಿಗೆ ಪ್ರಭಾವಳಿ ಕಟ್ಟುವುದು ನನ್ನ ಉದ್ದೇಶವಲ್ಲ. ಮೂವತ್ತರ ದಶಕದಲ್ಲಿ ಎಡಪಂಥೀಯರೊಡನೆ ಅವರಿಗಿದ್ದ ಒಡನಾಟದಿಂದಾಗಿ ಅಮೆರಿಕದ ಗುಪ್ತ ಪೊಲೀಸರ ಕಣ್ಣು ಅವರ ಮೇಲೆ ಬಿದ್ದಿತ್ತು. ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವವನ್ನು ಸರ್ಕಾರಿ ಪತ್ರದಲ್ಲಿ ಮುಚ್ಚಿಟ್ಟರೆಂಬ ಆರೋಪ 1952ರಲ್ಲಿ ಬಂದಿತು. 1953ರಲ್ಲಿ ಅವರು ಯುನೆಸ್ಕೋ ಹುದ್ದೆಯನ್ನು ಬಿಟ್ಟರು. ಆತ್ಮಸಾಕ್ಷಿಯೂ ಭಯವೂ ಸಂದರ್ಭವೂ ಕೂಡಿಯೇ ಮನುಷ್ಯನನ್ನು ಒಂದು ದಾರಿಗೆ ತರುತ್ತವೆ. ಒಂದೇ ಹಳ್ಳದಿಂದ ಹೊರಟ ಅವರ ಸಂಗಡಿಗರನ್ನು ನೋಡಿದರೆ ಇದು ತಿಳಿಯುತ್ತದೆ. ಪಾರ್ಸನ್ಸ್ 1952ರಲ್ಲಿ ತಮ್ಮ ಮನೆಯ ಪ್ರಯೋಗಶಾಲೆಯಲ್ಲಿ ನಡೆದ ಸ್ಫೋಟದಲ್ಲಿ ಮಡಿದರು. ಗುಂಪಿನ ಮತ್ತೊಬ್ಬ ಪ್ರತಿಭಾವಂತರಾದ ಚಿಯನ್ ಶುಯೆ ಸೆನ್ ಅಮೆರಿಕದಿಂದ ಹೊರದೂಡಲ್ಪಟ್ಟು 1955ರಲ್ಲಿ ಚೀನಾಕ್ಕೆ ಮರಳಿ, ಆ ದೇಶದ ಕ್ಷಿಪಣಿ ಕಾರ್ಯಕ್ಕೆ ಅಡಿಪಾಯ ಹಾಕಿದರು. ಮಲಿನಾ ಕುಂಚವನ್ನು ಹಿಡಿದರು.

ನಲವತ್ತನೆಯ ವಯಸ್ಸಿನಲ್ಲಿ, ಸಂಸಾರಸ್ಥರೊಬ್ಬರು ಹುದ್ದೆಯನ್ನು ತೊರೆದು ಚಿತ್ರ ಬರೆಯುತ್ತ ಕುಳಿತರೆ ಮನೆ ನಡೆಯುವುದು ಹೇಗೆ? ಏರೋಜೆಟ್ ಕಂಪನಿಯ ಷೇರುಗಳಿಂದ. ಪಾರ್ಸನ್ಸರೂ ಫೋರ್ಮನ್ನರೂ ತಮ್ಮ ಷೇರುಗಳನ್ನು ಮೊದಲೇ ಮಾರಿದ್ದರು, ಮಲಿನಾ ಉಳಿಸಿಕೊಂಡಿದ್ದರು. ಶೀತಲಸಮರದ ಪೈಪೋಟಿಯಲ್ಲಿ ಕಂಪನಿ ಬೆಳೆದಂತೆ ಆ ಷೇರುಗಳ ಬೆಲೆಯೂ ಏರಿತು. ಅಂದರೆ ಯಾವ ಕೆಲಸದಿಂದ ಅವರು ದೂರ ಸರಿದರೋ ಅದೇ ಕೆಲಸದ ಲಾಭ ಅವರ ಚಿತ್ರಶಾಲೆಯ ದೀಪಕ್ಕೆ ಎಣ್ಣೆಯಾಯಿತು. ಸಮಂತಭದ್ರಾಚಾರ್ಯರ ಶ್ರಾವಕಾಚಾರವನ್ನು ಓದಿದವರಿಗೆ ಹಿಂಸಾದಾನವೆಂಬ ಮಾತು ಪರಿಚಿತವೇ. ಕೊಲ್ಲುವ ಸಾಧನವನ್ನು ತಾನು ಬೀಸದೆ ಇನ್ನೊಬ್ಬನ ಕೈಗೆ ಕೊಟ್ಟರೂ ದೋಷ ತಪ್ಪುವುದಿಲ್ಲವೆಂದು ಅದರ ತಾತ್ಪರ್ಯ. ಕೊಡುವುದನ್ನು ನಿಲ್ಲಿಸಿದ ಮೇಲೂ ಹಿಂದೆ ಕೊಟ್ಟದ್ದರ ಫಲ ಮನೆಗೆ ಬರುತ್ತಿದ್ದರೆ ಏನು ಹೇಳಬೇಕು? ಬಸದಿಯ ಜೀರ್ಣೋದ್ಧಾರಕ್ಕೆಂದು ಬಂದ ದೊಡ್ಡ ಮೊತ್ತದ ಮೂಲವನ್ನು ಕೇಳಬೇಕೋ ಬೇಡವೋ ಎಂದು ಸಭೆಯಲ್ಲಿ ತಲೆತಗ್ಗಿಸಿ ಕುಳಿತ ಅನುಭವವಿರುವ ಧರ್ಮದರ್ಶಿಗಳಿಗೆ ಈ ಪ್ರಶ್ನೆ ದೂರದ್ದಲ್ಲ.

ಉತ್ತರವನ್ನು ಮಲಿನಾ ಅವರ ಮಾತಿಗಿಂತ ಹೆಚ್ಚಾಗಿ ಅವರ ಕೃತಿಗಳಲ್ಲಿ ಹುಡುಕಬೇಕಾಗುತ್ತದೆ.

ಮೊದಲಿಗೆ ಅವರು ಎಲ್ಲರಂತೆ ಬಣ್ಣ ಹಚ್ಚಿದರು. ಅದರಲ್ಲಿ ತೃಪ್ತಿ ದೊರೆಯದೆ ದಾರಗಳನ್ನೂ ತಂತಿಯ ಬಲೆಗಳನ್ನೂ ಚಿತ್ರಫಲಕಕ್ಕೆ ಜೋಡಿಸತೊಡಗಿದರು. ಸಣ್ಣ ಕಣ್ಣಿನ ಎರಡು ಬಲೆಗಳನ್ನು ಒಂದರ ಹಿಂದೊಂದು ಇರಿಸಿದರೆ ಎರಡರಲ್ಲಿಯೂ ಇಲ್ಲದ ಮೂರನೆಯ ಅಲೆಯಾಕಾರವೊಂದು ಮೂಡುತ್ತದೆ. ಮಡಿಕೆಯಾದ ಸೊಳ್ಳೆಪರದೆಯಲ್ಲಿ ಇದನ್ನು ಎಲ್ಲರೂ ಕಂಡಿದ್ದೇವೆ. ನೋಡುವವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಅಲೆಯೂ ಸರಿಯುತ್ತದೆ. ಆ ಅಲೆ ಬಲೆಯಲ್ಲಿದೆಯೋ ಕಣ್ಣಿನಲ್ಲಿದೆಯೋ? ಎಂಜಿನಿಯರಿಗೆ ಇದು ಲೆಕ್ಕದ ವಿಷಯ. ಚಿತ್ರಕಾರನಿಗೆ ಇದು ಹೊಸ ವಸ್ತುವಾಯಿತು. 1955ರಲ್ಲಿ ಬಲೆಯ ಹಿಂದೆ ಮಿನುಗುವ ಸಣ್ಣ ವಿದ್ಯುದ್ದೀಪಗಳನ್ನು ಇರಿಸಿದರು. ಜಾಝ್ ಎಂದು ಹೆಸರಿಟ್ಟ ಕೃತಿ ಆ ವರ್ಷದ್ದು. ಇವುಗಳಲ್ಲಿ ಹೊಸತನವಿದೆ, ಆದರೆ ದೀಪದ ಮಿನುಗು ಕಣ್ಣನ್ನು ಬೇಗ ದಣಿಸುತ್ತದೆ. ಹಬ್ಬದ ಅಂಗಡಿಯ ನೆನಪೂ ಬರುತ್ತದೆ.

1956ರ ವೇಳೆಗೆ ಅವರಿಗೆ ತಮ್ಮ ನಿಜವಾದ ಮಾರ್ಗ ದೊರೆಯಿತು. ಅದಕ್ಕೆ ಅವರು ಲ್ಯೂಮಿಡೈನ್ ಎಂದು ಹೆಸರು ಕೊಟ್ಟರು. ಅದರ ರಚನೆ ಹೀಗಿದೆ: ಪೆಟ್ಟಿಗೆಯಂತಹ ಚೌಕಟ್ಟಿನ ಹಿಂಬದಿಯಲ್ಲಿ ದೀಪಗಳು. ಅವುಗಳ ಮುಂದೆ, ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಣ್ಣದಲ್ಲಿ ಬರೆದ ತಿರುಗುವ ಬಿಲ್ಲೆಗಳು. ಸಣ್ಣ ಮೋಟಾರುಗಳು ಅವನ್ನು ಬಹು ನಿಧಾನವಾಗಿ ತಿರುಗಿಸುತ್ತವೆ. ಅವುಗಳ ಮುಂದೆ ಅದೇ ರೀತಿ ಬಣ್ಣದಲ್ಲಿ ಬರೆದ, ಆದರೆ ಚಲಿಸದ ಒಂದು ಫಲಕ. ಎಲ್ಲಕ್ಕೂ ಮುಂದೆ ಬೆಳಕನ್ನು ಹರಡುವ ಮಸುಕಾದ ತೆರೆ. ನೋಡುವವನಿಗೆ ಕಾಣುವುದು ಈ ತೆರೆ ಮಾತ್ರ. ಹಳದಿ ಬರೆದ ಬಿಲ್ಲೆಯ ಭಾಗ ನೀಲಿ ಬರೆದ ಫಲಕದ ಹಿಂದೆ ಬಂದಾಗ ತೆರೆಯ ಮೇಲೆ ಹಸಿರು ಹುಟ್ಟುತ್ತದೆ, ದಾಟಿದಾಗ ಅಳಿಯುತ್ತದೆ. ಕಪ್ಪು ಬರೆದ ಕಡೆ ಬೆಳಕು ನಿಲ್ಲುತ್ತದೆ, ಬಯಲಾದ ಕಡೆ ತುಂಬಿ ಹರಿಯುತ್ತದೆ.

ನಮ್ಮ ಉತ್ಸವಗಳಲ್ಲಿ ಮೂರ್ತಿಯ ಹಿಂದೆ ಬಣ್ಣಬಣ್ಣವಾಗಿ ತಿರುಗುವ ವಿದ್ಯುತ್ ಪ್ರಭಾವಳಿಯನ್ನು ಕಂಡ ವಾಚಕರು, ಇದರಲ್ಲಿ ಅಂತಹ ವಿಶೇಷವೇನು ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಪ್ರಭಾವಳಿಯ ಚಕ್ರ ಒಂದು ಸುತ್ತು ಮುಗಿಸಿದೊಡನೆ ಅದೇ ಆಟ ಮರಳಿ ಆರಂಭವಾಗುತ್ತದೆ; ಎರಡನೆಯ ಸುತ್ತನ್ನು ಯಾರೂ ನೋಡುವುದಿಲ್ಲ. ಮಲಿನಾ ಅವರ ಪೆಟ್ಟಿಗೆಯಲ್ಲಿ ಬಿಲ್ಲೆಗಳ ವೇಗಗಳು ಬೇರೆಬೇರೆಯಾಗಿರಬಲ್ಲವು. ಉದಾಹರಣೆಗೆ ಒಂದು ಬಿಲ್ಲೆ ಸುತ್ತು ಬರಲು 60 ಸೆಕೆಂಡು, ಇನ್ನೊಂದು 61 ಸೆಕೆಂಡು ತೆಗೆದುಕೊಳ್ಳುತ್ತದೆಯೆಂದು ಇಟ್ಟುಕೊಳ್ಳೋಣ. ಅವೆರಡೂ ಹೊರಟ ಸ್ಥಾನಕ್ಕೆ ಒಟ್ಟಿಗೆ ಮರಳುವುದು 3,660 ಸೆಕೆಂಡುಗಳ ಬಳಿಕ, ಅಂದರೆ ಒಂದು ಗಂಟೆ ಒಂದು ನಿಮಿಷದ ನಂತರ. ಅಷ್ಟು ಹೊತ್ತು ಯಾವ ಕ್ಷಣವೂ ಹಿಂದಿನದರ ಪ್ರತಿಯಲ್ಲ. ಆದರೂ ಎಲ್ಲವೂ ಒಂದು ನಿಯಮಕ್ಕೆ ಒಳಪಟ್ಟೇ ಇರುತ್ತವೆ. ಅಕಸ್ಮಾತ್ತು ಎಂಬುದು ಇಲ್ಲಿ ಇಲ್ಲ, ಬೇಸರವೂ ಇಲ್ಲ. ಚಿತ್ರಕಾರ ಬರೆದದ್ದು ಎರಡು ಮೂರು ಫಲಕಗಳನ್ನು ಮಾತ್ರ; ಅವುಗಳ ಪರಸ್ಪರ ಸಂಬಂಧದಿಂದ ಹುಟ್ಟುವ ಸಾವಿರ ರೂಪಗಳನ್ನು ಅವನೂ ನಮ್ಮ ಜೊತೆ ನಿಂತು ನೋಡಬೇಕಾಗುತ್ತದೆ.

ಈ ನಿಧಾನವೇ ಮಲಿನಾ ಅವರ ಶೈಲಿಯ ಮುಖ್ಯ ಗುಣವೆಂದು ನನ್ನ ಅಭಿಪ್ರಾಯ. ಪುಸ್ತಕಗಳಲ್ಲಿ ಅಚ್ಚಾದ ಛಾಯಾಚಿತ್ರಗಳನ್ನು ನೋಡಿ ಅವರನ್ನು ಅಳೆಯಲಾಗದು. ಅಲ್ಲಿ ಕಾಣುವುದು ವೃತ್ತಗಳೂ ಬಳ್ಳಿಯಂತಹ ಗೆರೆಗಳೂ ಇರುವ ಒಂದು ಸಾಧಾರಣ ಅಲಂಕಾರ. ಚಲಿಸುವ ದಾಖಲೆಯಲ್ಲಿ ನೋಡಿದಾಗ ಮಾತ್ರ, ಒಂದು ಬಣ್ಣ ಇನ್ನೊಂದಕ್ಕೆ ಎಷ್ಟು ಸೌಮ್ಯವಾಗಿ ಎಡೆಮಾಡಿಕೊಡುತ್ತದೆ ಎಂಬುದು ತಿಳಿಯುತ್ತದೆ. ಅದೇ ಪ್ಯಾರಿಸ್ಸಿನಲ್ಲಿ ಯಂತ್ರಗಳಿಂದ ಕಲೆಯನ್ನು ಕಟ್ಟಿದ ಜಾನ್ ಟಿಂಗೆಲಿ 1960ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ಅಂಗಳದಲ್ಲಿ ತನ್ನನ್ನು ತಾನೇ ಧ್ವಂಸ ಮಾಡಿಕೊಳ್ಳುವ ಯಂತ್ರವನ್ನು ನಿಲ್ಲಿಸಿ ಜಗತ್ತಿನ ಗಮನ ಸೆಳೆದರು. ಹೊಗೆ, ಬೆಂಕಿ, ಸದ್ದು ಎಲ್ಲವೂ ಅಲ್ಲಿದ್ದುವು. ಹೊಗೆ, ಬೆಂಕಿ, ಸದ್ದುಗಳನ್ನು ಹತ್ತು ವರ್ಷ ತಮ್ಮ ಕೈಯಾರೆ ಸೃಷ್ಟಿಸಿದ್ದ ಮಲಿನಾ ಅವರ ಯಂತ್ರದಲ್ಲಿ ಇವಾವುವೂ ಇಲ್ಲ. ಸ್ಫೋಟವೆಂದರೆ ಏನೆಂದು ಬಲ್ಲವರಿಗೆ ಅದರ ನಾಟಕದಲ್ಲಿ ಆಸಕ್ತಿ ಇರಲಾರದೇನೋ.

ದೋಷಗಳನ್ನೂ ಹೇಳಬೇಕು. ಬೆಳಕನ್ನೇ ಮಾಧ್ಯಮವಾಗಿ ಬಳಸಿದವರಲ್ಲಿ ಮಲಿನಾ ಮೊದಲಿಗರಲ್ಲ. ಥಾಮಸ್ ವಿಲ್ಫ್ರೆಡ್ 1920ರ ದಶಕದಲ್ಲಿಯೇ ಅಮೆರಿಕದಲ್ಲಿ ಬೆಳಕಿನ ಕಚೇರಿಗಳನ್ನು ನಡೆಸಿದ್ದರು, ಅವರ ರೂಪಗಳಿಗೆ ಹೆಚ್ಚಿನ ಆಳವೂ ಇದ್ದಿತು. ಮಲಿನಾ ಅವರ ರೇಖೆಯಲ್ಲಿ ಹುಟ್ಟು ಚಿತ್ರಕಾರನ ಬಿಗಿ ಕಡಿಮೆ. ನಕ್ಷತ್ರ, ಕಕ್ಷೆ, ಭೂಮಿಯಿಂದ ದೂರ ಎಂಬಂತಹ ಹೆಸರುಗಳನ್ನು ಕೊಟ್ಟಾಗ ಅವು ಕೃತಿಗಿಂತ ದೊಡ್ಡದಾಗಿ ನಿಲ್ಲುತ್ತವೆ. ವಿಜ್ಞಾನವನ್ನು ಕಲಿತ ಚಿತ್ರಕಾರ ವಿಶ್ವವನ್ನೇ ಬರೆಯಬೇಕೆಂದು ಜನ ನಿರೀಕ್ಷಿಸುತ್ತಾರೆ. ಆ ನಿರೀಕ್ಷೆಗೆ ಅವರು ಕೆಲವೊಮ್ಮೆ ಸುಲಭವಾಗಿ ಮಣಿದರು. ಧ್ರುವೀಕೃತ ಬೆಳಕನ್ನು ಬಳಸಿ, ಬಣ್ಣವನ್ನೇ ಹಚ್ಚದೆ ಬಣ್ಣ ಮೂಡಿಸಿದ ಪೋಲಾರಿಡೈನ್ ಎಂಬ ಬಗೆಯ ಕೃತಿಗಳಲ್ಲಿ ಅವರ ವಿಜ್ಞಾನ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಅದು ವಿಷಯವಾಗದೆ ವಿಧಾನವಾಗಿದೆ.

ಇಷ್ಟಾದರೂ ಮಲಿನಾ ಮುಖ್ಯರಾಗುವುದು ಇನ್ನೊಂದು ಕಾರಣಕ್ಕೆ. ಅವರು ತಮ್ಮ ಪೆಟ್ಟಿಗೆಯ ಹಿಂಬದಿಯನ್ನು ಎಂದೂ ಮುಚ್ಚಲಿಲ್ಲ. ಯಾವ ದೀಪ, ಯಾವ ಪ್ಲಾಸ್ಟಿಕ್, ಯಾವ ಅಂತರ, ಯಾವ ಮೋಟಾರು ಎಂಬುದನ್ನೆಲ್ಲ ಬರೆದು ಪ್ರಕಟಿಸಿದರು. ಇತರ ಕಲಾವಿದರೂ ಹಾಗೆಯೇ ಬರೆಯಬೇಕೆಂದು 1968ರಲ್ಲಿ ಲಿಯೊನಾರ್ಡೊ ಎಂಬ ತ್ರೈಮಾಸಿಕವನ್ನು ಸ್ಥಾಪಿಸಿದರು. ವಿಜ್ಞಾನಿಗಳು ತಮ್ಮ ಪ್ರಯೋಗವನ್ನು ಸಹೋದ್ಯೋಗಿಗಳ ಪರೀಕ್ಷೆಗೆ ಒಪ್ಪಿಸುವಂತೆ ಕಲಾವಿದರೂ ತಮ್ಮ ಕೆಲಸವನ್ನು ತಾವೇ ವಿವರಿಸಬೇಕೆಂಬುದು ಆ ಪತ್ರಿಕೆಯ ನಿಯಮ. ವಿಮರ್ಶಕರಿಗೆ ಅಲ್ಲಿ ಮಣೆ ಕಡಿಮೆ; ನನ್ನಂತಹವರಿಗೆ ಇದು ಸಂತೋಷದ ಸಂಗತಿಯಲ್ಲವಾದರೂ ಅದರ ನ್ಯಾಯವನ್ನು ಒಪ್ಪಲೇಬೇಕು. ಆಯುಧದ ಸಂಶೋಧನೆ ನಡೆಯುವುದು ಗೋಪ್ಯದ ಮುದ್ರೆಯ ಕೆಳಗೆ. ಅಲ್ಲಿ ಒಬ್ಬರ ಜ್ಞಾನ ಮತ್ತೊಬ್ಬರಿಗೆ ತಿಳಿಯಬಾರದು. ಆ ಲೋಕದಲ್ಲಿ ಹತ್ತು ವರ್ಷ ಇದ್ದು ಬಂದವರು, ಮೋಡಿಯೇ ಬಂಡವಾಳವೆಂದು ಭಾವಿಸಿದ್ದ ಕಲಾಲೋಕದಲ್ಲಿ ನಿಂತು, ಮುಚ್ಚುವುದಕ್ಕೆ ಏನೂ ಇಲ್ಲ, ಬಂದು ನೋಡಿ ಎಂದರು. ಅವರ ನೈತಿಕ ಉತ್ತರ ಚಿತ್ರದ ಶಾಂತ ಬಣ್ಣಗಳಿಗಿಂತ ಹೆಚ್ಚಾಗಿ ಈ ಬಿಚ್ಚುಮನದಲ್ಲಿದೆ ಎಂಬುದು ನನ್ನ ನಿಲುವು.

ಪತ್ರಿಕೆಗೆ ಅವರು ಆರಿಸಿದ ಹೆಸರನ್ನೂ ಗಮನಿಸಬೇಕು. ಲಿಯೊನಾರ್ಡೊ ಡ ವಿಂಚಿ ಪಂಜರದ ಹಕ್ಕಿಗಳನ್ನು ಕೊಂಡು ಹಾರಿಬಿಡುತ್ತಿದ್ದನೆಂದು ಅವನ ಚರಿತ್ರೆಯನ್ನು ಬರೆದ ವಸಾರಿ ಹೇಳುತ್ತಾನೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಲು ಇದು ಸೊಗಸಾದ ಕಥೆ. ಆದರೆ ಅದೇ ಲಿಯೊನಾರ್ಡೊ ಮಿಲಾನಿನ ಅರಸನಿಗೆ ಕೆಲಸ ಬೇಡಿ ಬರೆದ ಪತ್ರದಲ್ಲಿ ತಾನು ಮಾಡಬಲ್ಲ ಯುದ್ಧಯಂತ್ರಗಳನ್ನು ಮೊದಲು ಹೇಳಿ, ಚಿತ್ರ ಬರೆಯಬಲ್ಲೆನೆಂಬುದನ್ನು ಕೊನೆಗೆ ಸೇರಿಸಿದ್ದ. ಮಲಿನಾ ಈ ಎರಡನ್ನೂ ಅರಿಯದೆ ಆ ಹೆಸರನ್ನು ಇಟ್ಟಿರಲಾರರು.

ಹಾಗಾದರೆ ಷೇರುಗಳ ಪ್ರಶ್ನೆ ತೀರಿತೇ? ತೀರಿತೆಂದು ನನಗೆ ಅನ್ನಿಸುವುದಿಲ್ಲ. ಆ ಹಣ ಅವರ ಸುಖಕ್ಕೆ ಮಾತ್ರ ವ್ಯಯವಾಗಲಿಲ್ಲ. ಅದು ತಂದುಕೊಟ್ಟ ಬಿಡುವಿನಲ್ಲಿ ಪತ್ರಿಕೆಯೂ ಬೆಳೆಯಿತು. ಇದರಿಂದ ಮೂಲ ಬದಲಾಗುವುದಿಲ್ಲ. ಕೃತಿಗಳನ್ನು ಕೊಳ್ಳುವವರ ಹಣದ ಮೂಲವೂ ಕಲಾವಿದನ ಕೈಯಲ್ಲಿಲ್ಲ. ಅವರ ಅತಿ ದೊಡ್ಡ ಕೃತಿಗಳಲ್ಲಿ ಒಂದಾದ ಕಾಸ್ಮೊಸ್ ಎಂಬ ಭಿತ್ತಿಚಿತ್ರ 1965ರಲ್ಲಿ ಆಕ್ಸ್‌ಫರ್ಡಿನ ಪರ್ಗಮನ್ ಪ್ರಕಾಶನ ಸಂಸ್ಥೆಗಾಗಿ ಸಿದ್ಧವಾಯಿತು. ಲಿಯೊನಾರ್ಡೊ ಪತ್ರಿಕೆಯನ್ನು ಆರಂಭದಲ್ಲಿ ಅಚ್ಚುಹಾಕಿದ್ದೂ ಅದೇ ಸಂಸ್ಥೆ. ಅದರ ಒಡೆಯ ರಾಬರ್ಟ್ ಮ್ಯಾಕ್ಸ್‌ವೆಲ್ 1991ರಲ್ಲಿ ತೀರಿಕೊಂಡ ಮೇಲೆ, ತನ್ನ ಕಂಪನಿಗಳ ನೌಕರರ ಪಿಂಚಣಿ ನಿಧಿಯಿಂದ ಕೋಟ್ಯಂತರ ಪೌಂಡುಗಳನ್ನು ತೆಗೆದಿದ್ದನೆಂಬುದು ಹೊರಬಿದ್ದಿತು. ಆಗ ಮಲಿನಾ ಬದುಕಿರಲಿಲ್ಲ. 1981ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಪಕ್ಕದ ಬುಲೋನ್‌ನಲ್ಲಿ ಕಾಲವಾಗಿದ್ದರು. ಖಗೋಳವಿಜ್ಞಾನಿಯಾದ ಅವರ ಮಗ ರೋಜರ್ ಮಲಿನಾ ಪತ್ರಿಕೆಯನ್ನು ಮುಂದುವರಿಸಿದರು. ಮುಂದೆ ಎಂ.ಐ.ಟಿ. ಪ್ರೆಸ್ ಅದರ ಪ್ರಕಾಶನವನ್ನು ವಹಿಸಿಕೊಂಡಿತು.

ಲ್ಯೂಮಿಡೈನ್ ಕೃತಿಗಳಿಗೆ ಈಗ ಅರವತ್ತು ವರ್ಷ ಮೀರಿದೆ. ದೀಪಗಳು ಸುಟ್ಟುಹೋಗುತ್ತವೆ, ಮೋಟಾರುಗಳು ಸವೆಯುತ್ತವೆ. ಹಳೆಯ ಬಗೆಯ ದೀಪ ಮಾರುಕಟ್ಟೆಯಲ್ಲಿ ದೊರೆಯದಾದಾಗ ಹೊಸ ಬಗೆಯದನ್ನು ಹಾಕಿದರೆ ಬೆಳಕಿನ ಛಾಯೆ ಬದಲಾಗುತ್ತದೆ. ಹಳದಿಯ ಹಿಂದೆ ನೀಲಿ ಬಂದಾಗ ಹುಟ್ಟುವ ಹಸಿರು ಅಂದಿನ ಹಸಿರಾಗಿ ಉಳಿಯುವುದಿಲ್ಲ. ಆದರೆ ಯಾವ ಭಾಗ ಎಲ್ಲಿ ಕೂರಬೇಕೆಂಬುದನ್ನು ಮಾಡಿದವರೇ ಬರೆದಿಟ್ಟಿದ್ದಾರೆ. ದುರಸ್ತಿಗೆ ಕುಳಿತವರು ಹಿಂಬದಿಯ ಹಲಗೆಯನ್ನು ಬಿಚ್ಚಿ, ಆ ಬರಹವನ್ನು ಪಕ್ಕದಲ್ಲಿಟ್ಟುಕೊಂಡು, ಬಿಲ್ಲೆಗಳ ಧೂಳನ್ನು ಒರೆಸಿ ಮತ್ತೆ ಜೋಡಿಸಬಹುದು.